ಮನೆಯ ಬ್ಯಾಂಕ್ ಖಾತೆಯ ಲೆಕ್ಕ: ಕಾಗದದ ಪುಸ್ತಕದಲ್ಲಿ ಮತ್ತು ತಂತ್ರಾಂಶದಲ್ಲಿ

ಬ್ಯಾಂಕಿನ ಆ್ಯಪ್ ತೆರೆದರೆ ಖಾತೆಯ ಶಿಲ್ಕು ಕ್ಷಣದಲ್ಲಿ ಕಾಣುತ್ತದೆ. ಹೀಗಿರುವಾಗ ಮನೆಯಲ್ಲಿ ಬೇರೊಂದು ಲೆಕ್ಕ ಬರೆದಿಡುವ ಅಗತ್ಯವೇನು ಎಂದು ಕೇಳುವುದು ಸಹಜ. ಆದರೆ ಬ್ಯಾಂಕು ತೋರಿಸುವ ಮೊತ್ತ ತನ್ನ ಬಳಿಗೆ ಬಂದು ಮುಟ್ಟಿದ ವ್ಯವಹಾರಗಳ ಫಲ ಮಾತ್ರ. ನೀವು ನಿನ್ನೆ ಬರೆದುಕೊಟ್ಟ, ಪಡೆದವರು ಇನ್ನೂ ತಮ್ಮ ಬ್ಯಾಂಕಿಗೆ ಹಾಕದ ಚೆಕ್ಕು ಅದರಲ್ಲಿ ಸೇರಿಲ್ಲ. ಮುಂದಿನ ವಾರ ತಾನಾಗಿ ಕಡಿತವಾಗಲಿರುವ ವಿಮೆಯ ಕಂತೂ ಸೇರಿಲ್ಲ. ಆ್ಯಪಿನಲ್ಲಿ ಕಾಣುವ ಹಣದಲ್ಲಿ ಖರ್ಚು ಮಾಡಲು ನಿಜವಾಗಿ ಎಷ್ಟು ಉಳಿದಿದೆ ಎಂಬುದನ್ನು, ಯಾರಿಗೆ ಏನು ಕೊಡಬೇಕಾಗಿದೆ ಎಂದು ಬಲ್ಲ ನೀವು ಮಾತ್ರ ಹೇಳಬಲ್ಲಿರಿ, ಅದೂ ಬರೆದಿಟ್ಟಿದ್ದರೆ.

ಇನ್ನೊಂದು ಕಾರಣ ಪರಿಶೀಲನೆ. ಒಂದೇ ಕಂತು ಎರಡು ಬಾರಿ ಕಡಿತವಾಗಿರಬಹುದು, ನಿಲ್ಲಿಸಿದ್ದ ಚಂದಾದ ಹಣ ಇನ್ನೂ ಹೋಗುತ್ತಿರಬಹುದು, ಚೆಕ್ಕಿನ ಮೊತ್ತವನ್ನು ತಪ್ಪಾಗಿ ಓದಿರಬಹುದು. ಇವು ಕಣ್ಣಿಗೆ ಬೀಳಬೇಕಾದರೆ ಬ್ಯಾಂಕಿನ ಬರಹಕ್ಕೆ ಎದುರಿಗಿಟ್ಟು ನೋಡಲು ಇನ್ನೊಂದು ಬರಹ ಬೇಕು, ಮತ್ತು ಅದು ಬ್ಯಾಂಕಿನ ಬರಹದಿಂದ ನಕಲು ಮಾಡಿದ್ದಾಗಿರಬಾರದು. ಈ ಲೇಖನದಲ್ಲಿ ಹೇಳುವ ಎಲ್ಲ ಕ್ರಮಗಳ ಹಿಂದಿರುವ ನಿಯಮ ಇದೊಂದೇ: ನಿಮ್ಮ ಲೆಕ್ಕ ನಿಮ್ಮ ಕೈಯಿಂದ, ನಿಮ್ಮ ಬಳಿಯಿರುವ ರಸೀದಿ ಮತ್ತು ಕೌಂಟರ್‌ಫಾಯಿಲ್‌ಗಳಿಂದ (ಚೆಕ್ಕು ಹರಿದುಕೊಟ್ಟ ಮೇಲೆ ಚೆಕ್ ಪುಸ್ತಕದಲ್ಲಿ ಉಳಿಯುವ ತುಂಡುಗಳಿಂದ) ಹುಟ್ಟಬೇಕು, ಬ್ಯಾಂಕಿನ ಸ್ಟೇಟ್‌ಮೆಂಟ್ ಅದನ್ನು ತಾಳೆ ನೋಡಲು ಬರುವ ಎರಡನೆಯ ಸಾಕ್ಷಿಯಾಗಬೇಕು. ಬರೆಯುವುದು ಕಾಗದದ ಮೇಲೋ ಕಂಪ್ಯೂಟರಿನಲ್ಲೋ ಎಂಬುದು ಆಮೇಲಿನ ಮಾತು.

ಆರಂಭದ ಶಿಲ್ಕನ್ನು ನಿರ್ಧರಿಸುವುದು

ಹೊಸದಾಗಿ ಲೆಕ್ಕ ಆರಂಭಿಸುವವರು ಸಾಮಾನ್ಯವಾಗಿ ಆ ದಿನ ಆ್ಯಪಿನಲ್ಲಿ ಕಂಡ ಮೊತ್ತವನ್ನು ಮೊದಲ ಸಾಲಿನಲ್ಲಿ ಬರೆದು ಮುಂದುವರಿಯುತ್ತಾರೆ. ಹೀಗೆ ಮಾಡಿದರೆ ಮೊದಲ ತಿಂಗಳಲ್ಲೇ ಲೆಕ್ಕ ತಪ್ಪುತ್ತದೆ, ಏಕೆಂದರೆ ಅದಕ್ಕೂ ಮೊದಲು ಬರೆದುಕೊಟ್ಟ ಚೆಕ್ಕುಗಳು ನಂತರ ಪಾಸಾಗಿ ಬರುತ್ತವೆ. ಇದಕ್ಕೆ ಬದಲು ಇತ್ತೀಚಿನ ಪೂರ್ಣ ಸ್ಟೇಟ್‌ಮೆಂಟನ್ನು ಕೈಗೆತ್ತಿಕೊಳ್ಳಿ. ಅದರ ಅಂತಿಮ ಶಿಲ್ಕನ್ನೂ ಅದರ ದಿನಾಂಕವನ್ನೂ ಮೊದಲ ಸಾಲಾಗಿ ಬರೆಯಿರಿ. ನಂತರ ಹಳೆಯ ಕೌಂಟರ್‌ಫಾಯಿಲ್‌ಗಳನ್ನು ತಿರುವಿಹಾಕಿ, ಆ ದಿನಾಂಕಕ್ಕೆ ಮೊದಲೇ ಕೊಟ್ಟಿದ್ದರೂ ಸ್ಟೇಟ್‌ಮೆಂಟಿನಲ್ಲಿ ಇನ್ನೂ ಕಾಣದ ಪ್ರತಿಯೊಂದು ಚೆಕ್ಕನ್ನು ಅದರ ಸಂಖ್ಯೆಯೊಂದಿಗೆ ಒಂದೊಂದಾಗಿ ಖರ್ಚು ಹಾಕಿ. ಬ್ಯಾಂಕಿಗೆ ಕಟ್ಟಿದ್ದರೂ ಇನ್ನೂ ಜಮೆಯಾಗದ ಹಣವಿದ್ದರೆ ಅದನ್ನೂ ಹಾಗೆಯೇ ಜಮಾ ಹಾಕಿ. ಇಷ್ಟಾದ ಮೇಲೆ ಬರುವ ಮೊತ್ತವೇ ನಿಮ್ಮ ನಿಜವಾದ ಆರಂಭಿಕ ಶಿಲ್ಕು.

ಕೆಲವು ಚೆಕ್ಕುಗಳು ಬಹಳ ಕಾಲದಿಂದ ಬ್ಯಾಂಕಿಗೆ ಬಾರದೆ ಉಳಿದಿರಬಹುದು. ಚೆಕ್ಕಿನ ಚಾಲ್ತಿ ಅವಧಿ ಕೆಲವು ದೇಶಗಳಲ್ಲಿ ಮೂರು ತಿಂಗಳು, ಕೆಲವೆಡೆ ಆರು ತಿಂಗಳು. ಅವಧಿ ಮೀರಿದೆ ಎಂದ ಮಾತ್ರಕ್ಕೆ ಆ ಮೊತ್ತವನ್ನು ನಿಮ್ಮದೆಂದು ಶಿಲ್ಕಿಗೆ ಮರಳಿ ಸೇರಿಸಬೇಡಿ. ಪಡೆದವರನ್ನು ವಿಚಾರಿಸಿ, ಹಳೆಯದನ್ನು ಹಿಂಪಡೆದು ಹೊಸ ಚೆಕ್ಕು ಕೊಟ್ಟ ಮೇಲೆ, ಹಳೆಯ ನಮೂದನ್ನು ರದ್ದುಪಡಿಸಿ ಹೊಸದನ್ನು ಬರೆಯುವುದು ಸರಿಯಾದ ಕ್ರಮ.

ಕಾಗದದ ಪುಸ್ತಕ

ಬಿಡಿ ಹಾಳೆಗಳು ಬೇಡ. ಹೊಲಿಗೆ ಹಾಕಿದ, ಹಾಳೆ ಕಿತ್ತರೆ ಗೊತ್ತಾಗುವಂಥ ಪುಸ್ತಕ ಬೇಕು. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿ. ಒಂದು ಖಾತೆಗೆ ಒಂದು ಪುಸ್ತಕ, ಅಥವಾ ಒಂದೇ ಪುಸ್ತಕದಲ್ಲಿ ಸಾಕಷ್ಟು ಅಂತರ ಬಿಟ್ಟ ಪ್ರತ್ಯೇಕ ಭಾಗಗಳು. ಎರಡು ಖಾತೆಗಳ ನಮೂದುಗಳು ಒಂದೇ ಪುಟದಲ್ಲಿ ಬೆರೆತರೆ ಆಮೇಲೆ ಬಿಡಿಸುವುದು ಕಷ್ಟ. ಪ್ರತಿ ಪುಟಕ್ಕೆ ಏಳು ಅಂಕಣಗಳು ಸಾಕು: ದಿನಾಂಕ, ಚೆಕ್ ಸಂಖ್ಯೆ ಅಥವಾ ಪಾವತಿಯ ಬಗೆ, ವಿವರ, ಖರ್ಚು, ಜಮಾ, ತಾಳೆಯ ಗುರುತಿಗೆ ಒಂದು ಕಿರಿದಾದ ಅಂಕಣ, ಕೊನೆಗೆ ಶಿಲ್ಕು. ತಾಳೆಯ ಅಂಕಣವನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ತಿಂಗಳ ಕೊನೆಯ ಕೆಲಸವೆಲ್ಲ ನಿಂತಿರುವುದು ಅದರ ಮೇಲೆಯೇ.

ಬರೆಯಬೇಕಾದದ್ದು ಹಣ ಕೊಡಲು ಒಪ್ಪಿದ ದಿನ, ಹಣ ಖಾತೆಯಿಂದ ಹೊರಟ ದಿನವಲ್ಲ. ಚೆಕ್ಕಿಗೆ ಸಹಿ ಹಾಕಿದಾಗ, ಕಾರ್ಡ್ ಉಜ್ಜಿದಾಗ, ವರ್ಗಾವಣೆಗೆ ಆದೇಶ ಕೊಟ್ಟಾಗ ಆ ಮೊತ್ತ ನಿಮ್ಮ ಶಿಲ್ಕಿನಿಂದ ಇಳಿಯಬೇಕು. ಚೆಕ್ಕಿನ ವಿಷಯದಲ್ಲಿ ಮೊದಲು ಕೌಂಟರ್‌ಫಾಯಿಲ್ ತುಂಬಿ, ನಂತರ ಚೆಕ್ಕು ಬರೆದು, ಮನೆಗೆ ಬಂದ ಮೇಲೆ ಪುಸ್ತಕಕ್ಕೆ ಏರಿಸುವ ಕ್ರಮವನ್ನು ರೂಢಿಸಿಕೊಂಡರೆ ಹೊರಗೆ ಬರೆದ ಚೆಕ್ಕು ಮರೆತುಹೋಗುವುದಿಲ್ಲ. ಜಂಟಿ ಖಾತೆಯಲ್ಲಿ ಇದು ಇನ್ನೂ ಮುಖ್ಯ. ಇಬ್ಬರ ಬಳಿಯೂ ಚೆಕ್ ಪುಸ್ತಕವೋ ಕಾರ್ಡೋ ಇರುವ ಮನೆಯಲ್ಲಿ ಲೆಕ್ಕದ ಪುಸ್ತಕ ಮಾತ್ರ ಒಂದೇ ಇರಬೇಕು, ಮತ್ತು ಇಬ್ಬರೂ ತಮ್ಮ ರಸೀದಿಗಳನ್ನು ದಿನದ ಕೊನೆಗೆ ಒಂದೇ ಪೆಟ್ಟಿಗೆಗೆ ಹಾಕುವ ಒಪ್ಪಂದವಿರಬೇಕು.

ವಿವರದ ಅಂಕಣದಲ್ಲಿ ಜಿಪುಣತನ ಬೇಡ. «ಅಂಗಡಿ» ಎಂದಷ್ಟೇ ಬರೆದದ್ದು ಆರು ತಿಂಗಳ ಬಳಿಕ ಏನನ್ನೂ ಹೇಳುವುದಿಲ್ಲ. ಯಾರಿಗೆ, ಯಾವುದಕ್ಕೆ, ಯಾವ ಅವಧಿಯ ಬಾಬ್ತು ಎಂಬ ಮೂರೂ ಇದ್ದರೆ ರಸೀದಿ ಕಳೆದರೂ ನಮೂದು ಉಳಿಯುತ್ತದೆ. ಬಾಡಿಗೆ, ವಿಮೆ, ಶುಲ್ಕಗಳ ವಿಷಯದಲ್ಲಿ ಯಾವ ತಿಂಗಳದ್ದು ಎಂದು ಬರೆಯದಿದ್ದರೆ ಒಂದು ಕಂತು ಬಾಕಿಯಿದೆಯೋ ಇಲ್ಲವೋ ಎಂಬ ತಕರಾರು ಬಂದಾಗ ಪುಸ್ತಕದಿಂದ ಉಪಯೋಗವಾಗುವುದಿಲ್ಲ.

ಕೆಟ್ಟುಹೋದ ಚೆಕ್ಕನ್ನೂ ಬರೆಯಬೇಕು. ಸಂಖ್ಯೆಯ ಎದುರಿಗೆ «ರದ್ದು» ಎಂದು ಬರೆದು ಮೊತ್ತದ ಜಾಗದಲ್ಲಿ ಸೊನ್ನೆ ಹಾಕಿ, ಚೆಕ್ಕಿನ ಸಹಿಯ ಭಾಗವನ್ನು ಹರಿದು ಉಳಿದದ್ದನ್ನು ಕೌಂಟರ್‌ಫಾಯಿಲಿಗೆ ಪಿನ್ ಮಾಡಿಡಿ. ಸಂಖ್ಯೆಗಳ ಸರಣಿ ಎಲ್ಲಿಯೂ ತುಂಡಾಗದಿದ್ದರೆ ಕಳೆದುಹೋದ ಚೆಕ್ಕು ತಕ್ಷಣ ಎದ್ದು ಕಾಣುತ್ತದೆ. ತಪ್ಪು ಬರೆದಾಗ ವೈಟ್ನರ್ ಬಳಿಯಬೇಡಿ, ಅಂಕಿಯ ಮೇಲೆ ಅಂಕಿ ತಿದ್ದಬೇಡಿ. ಒಂದೇ ಗೆರೆ ಎಳೆದು, ಹಳೆಯದು ಓದುವಂತೆಯೇ ಉಳಿಸಿ, ಮೇಲೆ ಸರಿಯಾದದ್ದನ್ನು ಬರೆಯಿರಿ.

ಪುಟ ಮುಗಿದಾಗ ಒಂದು ಚಿಕ್ಕ ಪರೀಕ್ಷೆ ಮಾಡಿ. ಪುಟದ ಮೊದಲ ಶಿಲ್ಕಿಗೆ ಜಮಾ ಅಂಕಣದ ಒಟ್ಟು ಕೂಡಿಸಿ, ಖರ್ಚಿನ ಒಟ್ಟು ಕಳೆದರೆ ಪುಟದ ಕೊನೆಯ ಶಿಲ್ಕು ಬರಬೇಕು. ಬಂದರೆ ಸಾಲುಗಳ ನಡುವಿನ ಕೂಡು–ಕಳೆ ಸರಿಯಾಗಿದೆ ಎಂದರ್ಥ. ಬಾರದಿದ್ದರೆ ತಪ್ಪು ಆ ಒಂದು ಪುಟದೊಳಗೇ ಇದೆ. ನಂತರ ಆ ಶಿಲ್ಕನ್ನು «ಹಿಂದಿನ ಪುಟದಿಂದ ತಂದದ್ದು» ಎಂದು ಮುಂದಿನ ಪುಟದ ನೆತ್ತಿಯಲ್ಲಿ ಬರೆಯಿರಿ. ಎರಡು ನಿಮಿಷದ ಈ ಕೆಲಸ ತಿಂಗಳ ಕೊನೆಯ ಹುಡುಕಾಟವನ್ನು ಬಹಳ ಕಡಿಮೆ ಮಾಡುತ್ತದೆ.

ತಾನಾಗಿ ಕಡಿತವಾಗುವ ಬಾಬ್ತುಗಳಿಗೆ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಪಟ್ಟಿ ಮಾಡಿ: ಯಾವುದು, ತಿಂಗಳ ಯಾವ ತಾರೀಖಿಗೆ, ಎಷ್ಟು, ಯಾವಾಗ ಮುಗಿಯುತ್ತದೆ. ಪ್ರತಿ ತಿಂಗಳ ಮೊದಲ ದಿನ ಆ ಪಟ್ಟಿಯನ್ನು ನೋಡಿ ಅವನ್ನೆಲ್ಲ ಮುಂಚಿತವಾಗಿಯೇ ಖರ್ಚು ಹಾಕಿಬಿಡುವುದು ನನಗೆ ಸರಿಯೆನಿಸುವ ಕ್ರಮ. ಹಾಗೆ ಮಾಡಿದರೆ ಪುಸ್ತಕದ ಶಿಲ್ಕು ಸ್ವಲ್ಪ ಬಿಗಿಯಾಗಿ ಕಾಣುತ್ತದೆ, ಆದರೆ ಕಾಣುವಷ್ಟು ಹಣ ನಿಜವಾಗಿಯೂ ಖರ್ಚಿಗೆ ಸಿಗುತ್ತದೆ.

ತಿಂಗಳ ತಾಳೆ

ಲೆಕ್ಕ ಬರೆಯುವುದು ಅಭ್ಯಾಸದಿಂದ ಬರುತ್ತದೆ; ತಾಳೆ ನೋಡುವುದನ್ನು ಕಲಿಯಬೇಕು. ಇಲ್ಲಿ ನಿಧಾನವಾಗಿ ಒಂದು ಉದಾಹರಣೆಯನ್ನು ನೋಡೋಣ. ಮೊತ್ತಗಳನ್ನು ಯಾವ ದೇಶದ ಹಣವೆಂದಾದರೂ ಓದಿಕೊಳ್ಳಬಹುದು.

ತಿಂಗಳ ಆರಂಭದಲ್ಲಿ ಪುಸ್ತಕದಲ್ಲಿಯೂ ಬ್ಯಾಂಕಿನಲ್ಲಿಯೂ ಇದ್ದ ಶಿಲ್ಕು 24,600. ಆ ತಿಂಗಳು ಪುಸ್ತಕದಲ್ಲಿ ಬರೆದದ್ದು ಇಷ್ಟು: ಸಂಬಳ ಜಮಾ 38,000, ಬಾಡಿಗೆಗೆ ಚೆಕ್ 141, ಮೊತ್ತ 14,500, ವಿದ್ಯುತ್ ಬಿಲ್ಲಿಗೆ ವರ್ಗಾವಣೆ 1,860, ಎಟಿಎಮ್‌ನಿಂದ ನಗದು 5,000, ಶಾಲೆಯ ಶುಲ್ಕಕ್ಕೆ ಚೆಕ್ 142, ಮೊತ್ತ 9,750, ಕಾರ್ಡಿನಲ್ಲಿ ಖರೀದಿ 2,430, ರಿಪೇರಿಯವರಿಗೆ ಚೆಕ್ 143, ಮೊತ್ತ 3,200, ತಿಂಗಳ ಕೊನೆಯ ದಿನ ಬ್ಯಾಂಕಿಗೆ ಕಟ್ಟಿದ, ಬೇರೆಯವರು ಕೊಟ್ಟ ಚೆಕ್ಕು 4,000. ಇದರಂತೆ ಪುಸ್ತಕದ ಶಿಲ್ಕು 29,860. ಬಂದ ಸ್ಟೇಟ್‌ಮೆಂಟಿನಲ್ಲಿ ಅಂತಿಮ ಶಿಲ್ಕು 29,096. ವ್ಯತ್ಯಾಸ 764. ಇಷ್ಟು ನೋಡಿದ ಕೂಡಲೇ ಗಾಬರಿಯಾಗುವ ಅಗತ್ಯವಿಲ್ಲ. ಎರಡು ಶಿಲ್ಕುಗಳು ಒಂದೇ ಆಗಿದ್ದರೆ ಅದೇ ಅಪರೂಪ.

ಮೊದಲ ಹೆಜ್ಜೆ ಗುರುತು ಹಾಕುವುದು. ಸ್ಟೇಟ್‌ಮೆಂಟಿನ ಪ್ರತಿ ಸಾಲನ್ನು ಪುಸ್ತಕದಲ್ಲಿ ಹುಡುಕಿ, ದಿನಾಂಕಕ್ಕಿಂತ ಮೊತ್ತವನ್ನೂ ಚೆಕ್ ಸಂಖ್ಯೆಯನ್ನೂ ಮುಖ್ಯವಾಗಿ ನೋಡಿ, ಎರಡೂ ಹೊಂದಿದರೆ ಎರಡೂ ಕಡೆ ಟಿಕ್ ಹಾಕಿ. ಪಾಸಾಗುವ ದಿನ ಬರೆದ ದಿನಕ್ಕಿಂತ ತಡವಾಗಿರುವುದರಿಂದ ದಿನಾಂಕಗಳು ಹೊಂದಬೇಕಾಗಿಲ್ಲ. ಓದುವಾಗ ಒಂದು ಗೊಂದಲ ಎದುರಾಗಬಹುದು: ಸ್ಟೇಟ್‌ಮೆಂಟಿನಲ್ಲಿ ಕ್ರೆಡಿಟ್ ಎಂದಿರುವುದು ನಿಮಗೆ ಬಂದ ಹಣ. ಬ್ಯಾಂಕಿನ ದೃಷ್ಟಿಯಿಂದ ನಿಮ್ಮ ಠೇವಣಿ ಅದು ನಿಮಗೆ ಕೊಡಬೇಕಾದ ಸಾಲವಾದ್ದರಿಂದ ಅದರ ಬರಹ ನಿಮ್ಮದರ ಕನ್ನಡಿಯ ಬಿಂಬದಂತೆ ತಿರುಗಿರುತ್ತದೆ.

ಟಿಕ್ ಹಾಕಿ ಮುಗಿದ ಮೇಲೆ ಉಳಿಯುವ ಸಾಲುಗಳು ಎರಡು ಬಗೆಯವು. ಪುಸ್ತಕದಲ್ಲಿದ್ದು ಬ್ಯಾಂಕಿನಲ್ಲಿಲ್ಲದವು ಒಂದು ಬಗೆ: ನಮ್ಮ ಉದಾಹರಣೆಯಲ್ಲಿ 3,200ರ ಚೆಕ್ 143 ಮತ್ತು 4,000ದ ಜಮಾ. ಇವು ದಾರಿಯಲ್ಲಿರುವ ಹಣ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬರುತ್ತವೆ. ಬ್ಯಾಂಕಿನಲ್ಲಿದ್ದು ಪುಸ್ತಕದಲ್ಲಿಲ್ಲದವು ಇನ್ನೊಂದು ಬಗೆ: ಇಲ್ಲಿ ಬಡ್ಡಿ 96 ಜಮೆಯಾಗಿದೆ, ಸೇವಾ ಶುಲ್ಕ 150 ಕಡಿತವಾಗಿದೆ. ಇವೆರಡು ನಿಮಗೆ ಗೊತ್ತಿಲ್ಲದೆ ನಡೆದ ಕಾರಣ ಈಗ ಪುಸ್ತಕಕ್ಕೆ ಏರಿಸಬೇಕು. ಆದರೆ ಏರಿಸುವ ಮುನ್ನ ಆ ಶುಲ್ಕ ಏತಕ್ಕೆ ಎಂದು ಓದಿ ತಿಳಿಯಿರಿ, ಏಕೆಂದರೆ ಕೇಳಿದರೆ ಮಾತ್ರ ಮರಳಿ ಬರುವ ಶುಲ್ಕಗಳಿರುತ್ತವೆ.

ಈಗ ಎರಡೂ ಬದಿಯ ಲೆಕ್ಕ ಮಾಡಿ. ಬ್ಯಾಂಕಿನ ಬದಿ: 29,096ಕ್ಕೆ ದಾರಿಯಲ್ಲಿರುವ ಜಮಾ 4,000 ಸೇರಿಸಿ, ದಾರಿಯಲ್ಲಿರುವ ಚೆಕ್ಕು 3,200 ಕಳೆದರೆ 29,896. ಪುಸ್ತಕದ ಬದಿ: 29,860ಕ್ಕೆ ಬಡ್ಡಿ 96 ಸೇರಿಸಿ ಶುಲ್ಕ 150 ಕಳೆದರೆ 29,806. ಇನ್ನೂ 90ರ ವ್ಯತ್ಯಾಸ ಉಳಿಯಿತು. ತಾಳೆಯ ನಿಜವಾದ ಪ್ರಯೋಜನ ಕಾಣುವುದು ಇಲ್ಲಿಂದ ಮುಂದೆ.

ವ್ಯತ್ಯಾಸವನ್ನು ಹುಡುಕುವ ಬಗೆ

ಉಳಿದ ಮೊತ್ತವನ್ನು ಮೊದಲು 9ರಿಂದ ಭಾಗಿಸಿ ನೋಡಿ. ಬರೆಯುವಾಗ ಎರಡು ಅಂಕಿಗಳು ಅದಲುಬದಲಾದರೆ ಉಂಟಾಗುವ ವ್ಯತ್ಯಾಸ ಯಾವಾಗಲೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಏಕೆಂದರೆ ಒಂದು ಅಂಕಿ ಒಂದು ಸ್ಥಾನ ಎಡಕ್ಕೆ ಸರಿದರೆ ಅದರ ಬೆಲೆ ಹತ್ತುಪಟ್ಟಾಗಿ, ಹೆಚ್ಚಳ ಒಂಬತ್ತುಪಟ್ಟಾಗುತ್ತದೆ. 90ನ್ನು ಭಾಗಿಸಿದರೆ 10 ಬರುತ್ತದೆ. ಅಂದರೆ ನೂರರ ಮತ್ತು ಹತ್ತರ ಸ್ಥಾನದಲ್ಲಿರುವ, ಪರಸ್ಪರ 1ರಷ್ಟೇ ಅಂತರವಿರುವ ಎರಡು ಅಂಕಿಗಳು ಸ್ಥಳ ಬದಲಿಸಿರುವ ಸಾಧ್ಯತೆ ಹೆಚ್ಚು. ಪುಸ್ತಕದಲ್ಲಿ ಅಂಥ ನಮೂದನ್ನು ಹುಡುಕಿದರೆ 2,430 ಎಂಬ ಕಾರ್ಡ್ ಖರೀದಿ ಕಾಣುತ್ತದೆ. ರಸೀದಿ ತೆಗೆದು ನೋಡಿದರೆ ಅದು 2,340. ಸ್ಟೇಟ್‌ಮೆಂಟಿನಲ್ಲಿರುವುದೂ 2,340, ಟಿಕ್ ಹಾಕುವಾಗ ಕಣ್ಣು ಜಾರಿದೆ. ಖರ್ಚನ್ನು 90ರಷ್ಟು ಕಡಿಮೆ ಮಾಡಿದರೆ ಪುಸ್ತಕದ ಶಿಲ್ಕು 29,896 ಆಗಿ ಎರಡೂ ಬದಿ ಸಮವಾಗುತ್ತವೆ.

ದಶಮಾಂಶದ ಚುಕ್ಕೆ ಸರಿದಾಗ, ಅಥವಾ ಕೊನೆಯ ಸೊನ್ನೆ ಬಿಟ್ಟುಹೋದಾಗಲೂ ಇದೇ ಪರೀಕ್ಷೆ ಕೆಲಸ ಮಾಡುತ್ತದೆ: 450 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 405, ಅದನ್ನು 9ರಿಂದ ಭಾಗಿಸಿದರೆ ತಪ್ಪಾಗಿ ಬರೆದ ಆ 45 ಎಂಬ ಸಂಖ್ಯೆಯೇ ಹೊರಬರುತ್ತದೆ.

9ರಿಂದ ಭಾಗವಾಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ, ಆ ಅರ್ಧದಷ್ಟು ಮೊತ್ತದ ನಮೂದು ಇದೆಯೇ ನೋಡಿ. ಖರ್ಚಾಗಬೇಕಾದದ್ದನ್ನು ಜಮಾ ಅಂಕಣದಲ್ಲಿ ಬರೆದರೆ ಶಿಲ್ಕು ಆ ಮೊತ್ತದ ಎರಡರಷ್ಟು ತಪ್ಪುತ್ತದೆ. ಅದೂ ಅಲ್ಲವಾದರೆ ವ್ಯತ್ಯಾಸದಷ್ಟೇ ಮೊತ್ತದ ಒಂದು ನಮೂದನ್ನು ಎರಡೂ ಕಡೆ ಹುಡುಕಿ. ಒಂದು ಕಡೆ ಬಿಟ್ಟುಹೋಗಿರಬಹುದು, ಇನ್ನೊಂದು ಕಡೆ ಎರಡು ಸಲ ಬಂದಿರಬಹುದು. ಮೂರೂ ಪರೀಕ್ಷೆಗಳಲ್ಲಿ ಏನೂ ಸಿಗದಿದ್ದರೆ ಎರಡು ತಪ್ಪುಗಳು ಒಟ್ಟಿಗೆ ಸೇರಿಕೊಂಡಿವೆ ಎಂದು ತಿಳಿದು, ಪುಟಪುಟದ ಪರೀಕ್ಷೆಗೆ ಮರಳಬೇಕು.

ಸಣ್ಣ ವ್ಯತ್ಯಾಸವನ್ನು «ಇರಲಿ ಬಿಡು» ಎಂದು ಹೊಂದಾಣಿಕೆಯ ನಮೂದು ಹಾಕಿ ಮುಚ್ಚುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ, ಮೊತ್ತ ದೊಡ್ಡದೆಂದಲ್ಲ. 12ರ ವ್ಯತ್ಯಾಸ 5,012ರ ಒಂದು ತಪ್ಪು ಮತ್ತು ಎದುರು ದಿಕ್ಕಿನ 5,000ದ ಇನ್ನೊಂದು ತಪ್ಪಿನ ಮೊತ್ತವಾಗಿರಬಹುದು ಎಂಬ ಕಾರಣಕ್ಕೆ. ಎಷ್ಟು ಹುಡುಕಿದರೂ ಸಿಗದಾಗ ಆ ಮೊತ್ತವನ್ನು «ತಿಳಿಯದ ವ್ಯತ್ಯಾಸ» ಎಂಬ ಹೆಸರಿನಲ್ಲೇ ಬರೆದು, ಮುಂದಿನ ತಿಂಗಳು ಅದಕ್ಕೆ ಉತ್ತರ ಸಿಗುತ್ತದೆಯೇ ನೋಡಿ.

ತಾಳೆ ಮುಗಿದ ಸಾಲಿನ ಕೆಳಗೆ ಎರಡು ಗೆರೆ ಎಳೆದು ದಿನಾಂಕ ಹಾಕಿ. ಇನ್ನು ಮೇಲೆ ಆ ಗೆರೆಯ ಮೇಲಿನ ಟಿಕ್ ಹಾಕಿದ ಯಾವ ನಮೂದನ್ನೂ ಮುಟ್ಟಬಾರದು. ಟಿಕ್ ಇಲ್ಲದವನ್ನು ಮಾತ್ರ ಮುಂದಿನ ತಿಂಗಳಿಗೆ ಒಯ್ಯಬೇಕು.

ತಂತ್ರಾಂಶಕ್ಕೆ ಬಂದಾಗ

ಮೇಲಿನದನ್ನು ಕೆಲವು ತಿಂಗಳು ಕೈಯಲ್ಲಿ ಮಾಡಿದವರಿಗೆ ತಂತ್ರಾಂಶ ಒಂದು ದಿನದ ಕಲಿಕೆ. ಮಾಡದೆ ನೇರವಾಗಿ ಬಂದವರಿಗೆ ಪರದೆಯ ಮೇಲಿನ ಪದಗಳೆಲ್ಲ ಅಪರಿಚಿತವಾಗಿ ಕಾಣುತ್ತವೆ.

ಸ್ಪ್ರೆಡ್‌ಶೀಟ್ ನಡುವಿನ ಮೆಟ್ಟಿಲು. ಅದೇ ಏಳು ಅಂಕಣಗಳು, ಶಿಲ್ಕಿನ ಅಂಕಣದಲ್ಲಿ ಮಾತ್ರ «ಮೇಲಿನ ಶಿಲ್ಕು, ಅದಕ್ಕೆ ಈ ಸಾಲಿನ ಜಮಾ ಕೂಡಿ, ಖರ್ಚು ಕಳೆ» ಎಂಬ ಸೂತ್ರ. ದಿನಾಂಕವನ್ನು ವರ್ಷ–ತಿಂಗಳು–ದಿನ ಎಂಬ ಕ್ರಮದಲ್ಲಿ ಬರೆದರೆ ವಿಂಗಡಣೆ ಎಂದೂ ತಪ್ಪುವುದಿಲ್ಲ. ಆದರೆ ನಡುವೆ ಒಂದು ಸಾಲು ಅಳಿಸಿದರೆ ಸೂತ್ರಗಳ ಸರಪಳಿ ಮುರಿಯುತ್ತದೆ, ಮತ್ತು ಕಂಪ್ಯೂಟರ್ ದಶಮಾಂಶಗಳನ್ನು ಒಳಗೆ ದ್ವಿಮಾನ ಪದ್ಧತಿಯಲ್ಲಿ, ಅಂದರೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ, ಇಟ್ಟುಕೊಳ್ಳುವುದರಿಂದ ಸೊನ್ನೆಯಾಗಬೇಕಾದ ವ್ಯತ್ಯಾಸ ಕೆಲವೊಮ್ಮೆ ಸೊನ್ನೆಗೆ ತೀರ ಹತ್ತಿರದ, ಆದರೆ ಸೊನ್ನೆಯಲ್ಲದ ಸಂಖ್ಯೆಯಾಗುತ್ತದೆ. ಎರಡು ದಶಮಾಂಶ ಸ್ಥಾನಗಳಿಗೆ ಸರಿಮಾಡುವ ಫಂಕ್ಷನ್ ಬಳಸಿ ಇದನ್ನು ತಪ್ಪಿಸಬಹುದು. ಒಂದೇ ಖಾತೆಯಿರುವ ಮನೆಗೆ ಸ್ಪ್ರೆಡ್‌ಶೀಟ್ ಸಾಕು. ಸಾಲ, ಕ್ರೆಡಿಟ್ ಕಾರ್ಡ್, ಹಲವು ಖಾತೆಗಳು ಸೇರಿದಾಗ ಲೆಕ್ಕದ ತಂತ್ರಾಂಶವೇ ಬೇಕು.

ಮನೆಬಳಕೆಗೆ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳಲ್ಲಿ ಗ್ನೂಕ್ಯಾಶ್, ಕೆಮೈಮನಿ ಮತ್ತು ಹೋಮ್‌ಬ್ಯಾಂಕ್ ಹೆಸರಾದವು; ಹಣ ಕೊಟ್ಟು ಕೊಳ್ಳುವವುಗಳಲ್ಲಿ ಕ್ವಿಕನ್ ಹಳೆಯದು. ಆಯ್ಕೆ ಮಾಡುವಾಗ ಅಂದಚೆಂದಕ್ಕಿಂತ ಮೊದಲು ಕೇಳಬೇಕಾದದ್ದು, ನಿಮ್ಮ ಅಂಕಿಅಂಶಗಳನ್ನು ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ಹೊರತೆಗೆಯಲು ಸಾಧ್ಯವೇ ಎಂಬ ಪ್ರಶ್ನೆ. 1991ರಲ್ಲಿ ಆರಂಭವಾಗಿ ಬಹಳ ಮನೆಗಳಲ್ಲಿ ಬಳಕೆಯಲ್ಲಿದ್ದ ಮೈಕ್ರೋಸಾಫ್ಟ್ ಮನಿಯ ಮಾರಾಟವನ್ನು ಕಂಪನಿ 2009ರಲ್ಲಿ ನಿಲ್ಲಿಸಿತು. ಮನೆಯ ಲೆಕ್ಕ ದಶಕಗಳ ಕಾಲ ಉಳಿಯಬೇಕಾದದ್ದು, ತಂತ್ರಾಂಶಗಳ ಆಯುಸ್ಸು ಅಷ್ಟಿರುವುದಿಲ್ಲ.

ಗ್ನೂಕ್ಯಾಶ್‌ನಂಥವು ದ್ವಿನಮೂದು ಪದ್ಧತಿಯವು. ವೆನಿಸ್‌ನ ವರ್ತಕರು ಬಳಸುತ್ತಿದ್ದ ಈ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲಿ ಮುದ್ರಿಸಿದ ಗಣಿತ ಗ್ರಂಥದಲ್ಲಿ ವಿವರಿಸಿದ. ಪ್ರತಿ ವ್ಯವಹಾರವೂ ಒಂದು ಖಾತೆಯಿಂದ ಹೊರಟು ಇನ್ನೊಂದು ಖಾತೆಗೆ ಸೇರುತ್ತದೆ ಎಂಬುದೇ ಅದರ ತಿರುಳು. ಬಾಡಿಗೆ ಕೊಟ್ಟರೆ ಬ್ಯಾಂಕ್ ಖಾತೆಯಿಂದ ಹೊರಟ ಹಣ «ಬಾಡಿಗೆ» ಎಂಬ ಖರ್ಚಿನ ಖಾತೆಗೆ ಸೇರುತ್ತದೆ. ಎಟಿಎಮ್‌ನಿಂದ ತೆಗೆದ ನಗದು ಖರ್ಚಲ್ಲ, ಬ್ಯಾಂಕಿನಿಂದ ಕೈಚೀಲಕ್ಕೆ ಆದ ವರ್ಗಾವಣೆ. ಕಾಗದದ ಪುಸ್ತಕದಲ್ಲಿ ಶಿಲ್ಕು ಮಾತ್ರ ತಿಳಿಯುತ್ತಿತ್ತು. ಇಲ್ಲಿ ಹಣ ಎಲ್ಲಿಗೆ ಹೋಯಿತು ಎಂಬುದೂ ಅದೇ ಶ್ರಮದಲ್ಲಿ ತಿಳಿಯುತ್ತದೆ.

ಆರಂಭಕ್ಕೆ ಹೊಸ ಕಡತ ತೆರೆದು ಬ್ಯಾಂಕ್ ಖಾತೆ, ನಗದು, ಕ್ರೆಡಿಟ್ ಕಾರ್ಡ್, ಸಾಲ ಇವಕ್ಕೆ ಒಂದೊಂದು ಖಾತೆ ಮಾಡಿ. ಆರಂಭಿಕ ಶಿಲ್ಕಿನ ಜಾಗದಲ್ಲಿ, ತಾಳೆ ಮುಗಿದ ಕೊನೆಯ ಸ್ಟೇಟ್‌ಮೆಂಟಿನ ಮೊತ್ತವನ್ನು ಅದೇ ದಿನಾಂಕದೊಂದಿಗೆ ಹಾಕಿ, ಪಾಸಾಗದ ಚೆಕ್ಕುಗಳನ್ನು ಪ್ರತ್ಯೇಕ ನಮೂದುಗಳಾಗಿ ಸೇರಿಸಿ. ಖರ್ಚಿನ ವಿಭಾಗಗಳು ಮೊದಲಿಗೆ ಹತ್ತು ಹನ್ನೆರಡು ಸಾಕು. ಉತ್ಸಾಹದಲ್ಲಿ ಐವತ್ತು ವಿಭಾಗ ಮಾಡಿದವರು ಪ್ರತಿ ರಸೀದಿಗೂ ಯಾವುದಕ್ಕೆ ಹಾಕಲಿ ಎಂದು ಯೋಚಿಸುತ್ತ ಬೇಸತ್ತು ಬರೆಯುವುದನ್ನೇ ನಿಲ್ಲಿಸುತ್ತಾರೆ.

ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಒಂದು ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ಕಾರ್ಡಿನಲ್ಲಿ ಕೊಂಡಾಗ ಖರ್ಚು ಬರೆಯುತ್ತಾರೆ. ತಿಂಗಳ ಕೊನೆಗೆ ಕಾರ್ಡಿನ ಬಿಲ್ಲು ಕಟ್ಟಿದಾಗ ಅದನ್ನೂ ಖರ್ಚು ಬರೆಯುತ್ತಾರೆ. ಹೀಗೆ ಒಂದೇ ಖರ್ಚು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಕಾರ್ಡು ಸಾಲದ ಖಾತೆ: ಕೊಂಡಾಗ ಸಾಲವೂ ಖರ್ಚೂ ಹೆಚ್ಚುತ್ತವೆ, ಬಿಲ್ಲು ಕಟ್ಟಿದಾಗ ಬ್ಯಾಂಕಿನ ಹಣವೂ ಸಾಲವೂ ಕಡಿಮೆಯಾಗುತ್ತವೆ. ಬಿಲ್ಲು ಕಟ್ಟುವುದು ಕೇವಲ ವರ್ಗಾವಣೆ. ಗೃಹಸಾಲದ ಕಂತನ್ನು ಮಾತ್ರ ಒಂದೇ ನಮೂದಿನಲ್ಲಿ ಎರಡಾಗಿ ಒಡೆದು ಬರೆಯಬೇಕು: ಅಸಲಿನ ಭಾಗ ಸಾಲದ ಖಾತೆಗೆ, ಬಡ್ಡಿಯ ಭಾಗ ಖರ್ಚಿಗೆ.

ಕಾಗದದ ಪುಸ್ತಕದ ಕೊನೆಯ ಪುಟದಲ್ಲಿದ್ದ ಪಟ್ಟಿಯ ಕೆಲಸವನ್ನು ತಂತ್ರಾಂಶದಲ್ಲಿ ನಿಗದಿತ ವ್ಯವಹಾರಗಳ ಸೌಲಭ್ಯ ಮಾಡುತ್ತದೆ. ಮೊತ್ತ ಬದಲಾಗದವನ್ನು ತಾನಾಗಿ ನಮೂದಾಗಲು ಬಿಡಬಹುದು; ಬಿಲ್ಲಿನ ಮೊತ್ತ ತಿಂಗಳಿಗೊಂದು ಬಗೆಯಾಗಿದ್ದರೆ ನೆನಪಿಸಲು ಮಾತ್ರ ಹೇಳಿ, ಮೊತ್ತವನ್ನು ನೀವೇ ತುಂಬಿ.

ಬ್ಯಾಂಕಿನಿಂದ ಇಳಿಸಿಕೊಂಡ ಕಡತ

ಬ್ಯಾಂಕಿನ ವ್ಯವಹಾರಗಳನ್ನು ಸಿಎಸ್‌ವಿ, ಕ್ಯೂಐಎಫ್ ಅಥವಾ ಒಎಫ್‌ಎಕ್ಸ್ ಎಂಬ ಕಡತ ರೂಪಗಳಲ್ಲೊಂದರಲ್ಲಿ ಇಳಿಸಿಕೊಂಡು ತಂತ್ರಾಂಶಕ್ಕೆ ಸೇರಿಸಬಹುದು. ಮೂರರಲ್ಲಿ ಆಯ್ಕೆಯಿದ್ದರೆ ಒಎಫ್‌ಎಕ್ಸ್ ಉತ್ತಮ, ಏಕೆಂದರೆ ಅದರಲ್ಲಿ ಪ್ರತಿ ವ್ಯವಹಾರಕ್ಕೂ ಬ್ಯಾಂಕು ಕೊಟ್ಟ ಪ್ರತ್ಯೇಕ ಗುರುತಿನ ಸಂಖ್ಯೆ ಇರುತ್ತದೆ. ಒಂದೇ ಕಡತವನ್ನು ಎರಡು ಬಾರಿ ಸೇರಿಸಿದರೂ ನಮೂದುಗಳು ಇಮ್ಮಡಿಯಾಗದಂತೆ ತಂತ್ರಾಂಶ ಅದರಿಂದ ತಡೆಯಬಲ್ಲದು. ಸಿಎಸ್‌ವಿಯಲ್ಲಿ ಯಾವ ಅಂಕಣ ಏನು ಎಂದು ನೀವೇ ಹೇಳಿಕೊಡಬೇಕು, ದಿನಾಂಕದಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗದಂತೆ ಎಚ್ಚರ ವಹಿಸಬೇಕು.

ಆರಂಭದಲ್ಲಿ ಹೇಳಿದ ನಿಯಮ ಮುರಿಯುವುದು ಬಹುಮಟ್ಟಿಗೆ ಇಲ್ಲಿಯೇ. ಕಡತವನ್ನು ಇಳಿಸಿಕೊಂಡು, ಬಂದದ್ದನ್ನೆಲ್ಲ ಒಪ್ಪಿಕೊಂಡು, ಅದನ್ನೇ ಮನೆಯ ಲೆಕ್ಕವೆಂದು ಇಟ್ಟುಕೊಂಡರೆ ತಿಂಗಳ ತಾಳೆ ಪ್ರತಿ ಸಲವೂ ತಪ್ಪಿಲ್ಲದೆ ಬರುತ್ತದೆ, ಮತ್ತು ಏನನ್ನೂ ಹೇಳುವುದಿಲ್ಲ. ಬ್ಯಾಂಕಿನ ಬರಹವನ್ನು ಬ್ಯಾಂಕಿನ ಬರಹದೊಂದಿಗೇ ಹೋಲಿಸಿದಂತಾಗುತ್ತದೆ. ಎರಡು ಬಾರಿ ಕಡಿತವಾದ ಕಂತು ಅಲ್ಲಿ ಎರಡು ನಮೂದುಗಳಾಗಿ ಶಾಂತವಾಗಿ ಕುಳಿತಿರುತ್ತದೆ. ಆದ್ದರಿಂದ ಚೆಕ್ಕು, ವರ್ಗಾವಣೆ, ದೊಡ್ಡ ಖರೀದಿಗಳನ್ನಾದರೂ ಮೊದಲು ರಸೀದಿಯಿಂದ ನೀವೇ ಬರೆಯಿರಿ. ಆಮೇಲೆ ಕಡತ ಸೇರಿಸಿದಾಗ ತಂತ್ರಾಂಶ ಅವನ್ನು ನಿಮ್ಮ ನಮೂದುಗಳೊಂದಿಗೆ ಹೊಂದಿಸಿ ತೋರಿಸುತ್ತದೆ. ಹೊಂದದೆ ಹೊಸದಾಗಿ ಬಂದವೇ ನೀವು ಗಮನಿಸಬೇಕಾದವು. ಸಣ್ಣಪುಟ್ಟ ಕಾರ್ಡ್ ಖರೀದಿಗಳನ್ನು ಕಡತದಿಂದಲೇ ತೆಗೆದುಕೊಳ್ಳುವ ರಿಯಾಯಿತಿ ಇರಲಿ, ಆದರೆ ಪ್ರತಿಯೊಂದರ ವಿಭಾಗವನ್ನು ಕಣ್ಣಾಡಿಸಿ ಒಪ್ಪಿ.

ಕಾರ್ಡಿನಲ್ಲಿ ಇನ್ನೂ ಅಂತಿಮವಾಗದ, ತಡೆಹಿಡಿದ ಮೊತ್ತಗಳನ್ನು ನಮೂದಿಸುವಾಗಲೂ ಜಾಗ್ರತೆ ಬೇಕು. ಹೋಟೆಲ್ ಕೋಣೆ ಕಾಯ್ದಿರಿಸಿದಾಗ, ಪೆಟ್ರೋಲ್ ಹಾಕಿಸಿದಾಗ ತಡೆಹಿಡಿಯುವ ಮೊತ್ತ ಒಂದಾಗಿದ್ದು, ಕೊನೆಗೆ ಕಡಿತವಾಗುವ ಮೊತ್ತ ಬೇರೆಯಾಗಿರಬಹುದು. ರಸೀದಿಯ ಮೊತ್ತವನ್ನೇ ಬರೆದು, ಟಿಕ್ ಮಾತ್ರ ಅಂತಿಮ ಕಡಿತದ ಮೇಲೆ ಹಾಕಿ.

ತಂತ್ರಾಂಶದ ತಾಳೆ ಕೈಯಿಂದ ಮಾಡಿದ ತಾಳೆಯೇ. ಸ್ಟೇಟ್‌ಮೆಂಟಿನ ದಿನಾಂಕ ಮತ್ತು ಅಂತಿಮ ಶಿಲ್ಕು ಕೊಟ್ಟರೆ ಜಮಾ ಒಂದು ಬದಿ, ಖರ್ಚು ಇನ್ನೊಂದು ಬದಿ ತೆರೆದುಕೊಳ್ಳುತ್ತವೆ. ಒಂದೊಂದಾಗಿ ಟಿಕ್ ಹಾಕುತ್ತ ಹೋದಂತೆ ಕೆಳಗಿನ ವ್ಯತ್ಯಾಸ ಸೊನ್ನೆಗೆ ಇಳಿಯಬೇಕು. ಗ್ನೂಕ್ಯಾಶ್‌ನಲ್ಲಿ ತಾಳೆಯಾಗದ ನಮೂದಿಗೆ ಎನ್, ಬ್ಯಾಂಕಿನಲ್ಲಿ ಕಂಡದ್ದಕ್ಕೆ ಸಿ, ತಾಳೆ ಮುಗಿದದ್ದಕ್ಕೆ ವೈ ಎಂಬ ಗುರುತಿರುತ್ತದೆ. ವೈ ಗುರುತಿರುವ ನಮೂದನ್ನು ಬದಲಿಸಹೊರಟರೆ ಅದು ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಓದದೆ ಒಪ್ಪಿದರೆ ಮುಂದಿನ ತಾಳೆಯ ಆರಂಭಿಕ ಶಿಲ್ಕೇ ತಪ್ಪಾಗಿ ತೆರೆದುಕೊಳ್ಳುತ್ತದೆ. ಹಾಗಾದಾಗ ಈ ತಿಂಗಳ ನಮೂದುಗಳಲ್ಲಿ ಹುಡುಕಿ ಫಲವಿಲ್ಲ, ಹಿಂದಿನ ತಿಂಗಳಲ್ಲಿ ಏನು ಬದಲಾಗಿದೆ ಎಂದೇ ನೋಡಬೇಕು.

ಎರಡನ್ನೂ ಇಟ್ಟುಕೊಳ್ಳುವುದಾದರೆ

ಕಾಗದದಿಂದ ತಂತ್ರಾಂಶಕ್ಕೆ ಹೋಗುವವರು ಎರಡು ಮೂರು ಸ್ಟೇಟ್‌ಮೆಂಟುಗಳವರೆಗೆ ಎರಡನ್ನೂ ಸಮಾನಾಂತರವಾಗಿ ನಡೆಸಿ, ಎರಡೂ ಒಂದೇ ಶಿಲ್ಕು ಕೊಡುವುದನ್ನು ಕಂಡ ಮೇಲೆ ಪುಸ್ತಕ ನಿಲ್ಲಿಸುವುದು ಒಳ್ಳೆಯದು. ಕಾಯಂ ಆಗಿ ಎರಡೂ ಕಡೆ ಎಲ್ಲವನ್ನೂ ಬರೆಯುವುದು ಮಾತ್ರ ವ್ಯರ್ಥ ದುಡಿಮೆ. ಕೆಲಸ ಹಂಚಿಕೊಡುವುದು ಇದಕ್ಕಿಂತ ಮೇಲು: ಹೊರಗೆ ಹೋದಾಗ ಜೊತೆಯಲ್ಲಿರುವುದು ಕೌಂಟರ್‌ಫಾಯಿಲ್ ಮತ್ತು ಒಂದು ಚಿಕ್ಕ ಪುಸ್ತಕ, ವಾರಕ್ಕೊಮ್ಮೆ ನಿಗದಿಯಾದ ದಿನ ಅವು ತಂತ್ರಾಂಶಕ್ಕೆ ಏರುತ್ತವೆ, ಏರಿಸಿದ ಸಾಲಿನ ಪಕ್ಕದಲ್ಲಿ ಒಂದು ಗುರುತು ಬೀಳುತ್ತದೆ. ಎರಡರಲ್ಲಿ ಭಿನ್ನತೆ ಬಂದರೆ ಯಾವುದನ್ನು ನಂಬಬೇಕು ಎಂಬುದನ್ನು ಮೊದಲೇ ನಿರ್ಧರಿಸಿರಿ. ನನ್ನ ಮಟ್ಟಿಗೆ ಅದು ಕಾಗದದ್ದು, ಏಕೆಂದರೆ ಅದು ವ್ಯವಹಾರ ನಡೆದ ಸ್ಥಳದಲ್ಲೇ ಬರೆದದ್ದು.

ಕಾಪಿಡುವುದು

ಕಡತದ ಪ್ರತಿಗಳು ಮೂರಿರಲಿ, ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ, ಅವುಗಳಲ್ಲಿ ಒಂದು ಮನೆಯ ಹೊರಗಿರಲಿ. ಗ್ನೂಕ್ಯಾಶ್ ಪ್ರತಿ ಸಲ ಉಳಿಸುವಾಗ ದಿನಾಂಕವಿರುವ ಒಂದು ಹಳೆಯ ಪ್ರತಿಯನ್ನು ತಾನೇ ಇಡುತ್ತದೆ, ಆದರೆ ಅದು ಇರುವುದು ಅದೇ ಡಿಸ್ಕಿನಲ್ಲಾದ್ದರಿಂದ ಡಿಸ್ಕು ಕೆಟ್ಟರೆ ಎರಡೂ ಹೋಗುತ್ತವೆ. ಮನೆಯ ಹೊರಗೆ ಅಥವಾ ಕ್ಲೌಡ್‌ನಲ್ಲಿ ಇಡುವ ಪ್ರತಿಗೆ ಪಾಸ್‌ವರ್ಡ್ ಹಾಕಿ ಗೂಢಲಿಪೀಕರಿಸಿ, ಆ ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೂ ಸಿಗುವಂತಿರಲಿ. ವರ್ಷಕ್ಕೊಮ್ಮೆ ಹಳೆಯ ಪ್ರತಿಯೊಂದನ್ನು ನಿಜವಾಗಿ ತೆರೆದು ನೋಡಿ. ತೆರೆಯದ ಪ್ರತಿ ಇದ್ದೂ ಇಲ್ಲದಂತೆ. ಜೊತೆಗೆ ವರ್ಷದ ಲೆಕ್ಕವನ್ನು ಸಿಎಸ್‌ವಿ ರೂಪದಲ್ಲಿ ಹೊರತೆಗೆದು, ಒಮ್ಮೆ ಮುದ್ರಿಸಿ, ಆ ವರ್ಷದ ಸ್ಟೇಟ್‌ಮೆಂಟುಗಳೊಂದಿಗೆ ಒಂದೇ ಕಟ್ಟಿನಲ್ಲಿಡಿ.

ಸ್ಟೇಟ್‌ಮೆಂಟಿನಲ್ಲಿ ತಪ್ಪು ಕಂಡರೆ ತಿಳಿಸಲು ಬ್ಯಾಂಕುಗಳು ಗಡುವು ಇಟ್ಟಿರುತ್ತವೆ, ಆದ್ದರಿಂದ ತಾಳೆಯನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಒಟ್ಟಿಗೆ ಮಾಡುವ ರೂಢಿ ಬೇಡ. ತೆರಿಗೆಗೆ ಸಂಬಂಧಿಸಿದ ಕಾಗದಗಳನ್ನು ನಿಮ್ಮ ದೇಶದ ಕಾನೂನು ಹೇಳುವಷ್ಟು ವರ್ಷ, ಮನೆ ಅಥವಾ ಜಮೀನಿನ ಖರೀದಿಗೆ ಸಂಬಂಧಿಸಿದವನ್ನು ಅದು ನಿಮ್ಮದಾಗಿರುವವರೆಗೂ ಇಡಬೇಕು. ಉಳಿದ ಹಳೆಯ ಸ್ಟೇಟ್‌ಮೆಂಟುಗಳಲ್ಲಿ ಖಾತೆಯ ಸಂಖ್ಯೆ ಇರುವುದರಿಂದ ರದ್ದಿಗೆ ಹಾಕದೆ ಚೂರುಚೂರು ಮಾಡಿ ಎಸೆಯಿರಿ.

ಖಾತೆಯನ್ನೇ ಮುಚ್ಚುವ ದಿನ ಬಂದರೆ ಪುಸ್ತಕದಲ್ಲಿ ಟಿಕ್ ಇಲ್ಲದ ಒಂದು ಚೆಕ್ಕೂ ಉಳಿದಿಲ್ಲವೆಂದು, ತಾನಾಗಿ ಕಡಿತವಾಗುವ ಬಾಬ್ತುಗಳೆಲ್ಲ ಹೊಸ ಖಾತೆಗೆ ಬದಲಾಗಿವೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಅರ್ಜಿ ಕೊಡಿ. ಕೊನೆಯ ಸ್ಟೇಟ್‌ಮೆಂಟ್ ಸೊನ್ನೆ ಶಿಲ್ಕು ತೋರಿಸಿದಾಗ ಕೊನೆಯ ತಾಳೆ ಮಾಡಿ, ಬಳಸದ ಚೆಕ್ಕುಗಳ ಸಂಖ್ಯೆಗಳನ್ನು ಪುಸ್ತಕದಲ್ಲಿ «ರದ್ದು» ಎಂದು ಬರೆದು, ಆ ಹಾಳೆಗಳನ್ನು ನಾಶಮಾಡಿ.